ಎರಡು ತಂತಿಯ ದನಿ, ಒಂದು ತಂತಿಯ ಕಿವಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ ಕಸೂತಿ ಬಟ್ಟೆ ಹೊದ್ದು ಕೂತ ವಾಲ್ವ್ ರೇಡಿಯೊ ಇನ್ನೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಗುಂಡಿ ತಿರುಗಿಸಿದರೆ ತಕ್ಷಣ ಮಾತಾಡುವ ಜಾಯಮಾನ ಅದರದಲ್ಲ. ಅರ್ಧ ನಿಮಿಷ ಬಿಸಿಯಾಗಬೇಕು, ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಹೊಳೆಯಬೇಕು, ಆಮೇಲೆ ಗಂಟಲು ಸರಿಪಡಿಸಿಕೊಂಡಂತೆ ಸದ್ದು ಬರುತ್ತದೆ. ಅಜ್ಜನ ಕಾಲದ ಆ ಪೆಟ್ಟಿಗೆಗೆ ಮೊಮ್ಮಕ್ಕಳು ಈಗ ಹೊಸ ಕೆಲಸ ಹಚ್ಚಲು ಹೊರಟಿದ್ದಾರೆ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಅಂಕಿಗಳಾಗಿ ಕೂತಿರುವ ಮನ್ಸೂರರ ರಾಗವನ್ನು ಅದೇ ಪೆಟ್ಟಿಗೆಯಲ್ಲಿ ಕೇಳಬೇಕು ಎಂಬ ಆಸೆ.

ಆಸೆ ಒಳ್ಳೆಯದೇ. ತೊಡಕು ಇರುವುದು ರೇಡಿಯೊದ ಬೆನ್ನಿನಲ್ಲಿ. ಗ್ರಾಮಫೋನಿಗೆಂದು ಅಲ್ಲಿ ಬಿಟ್ಟಿರುವ 'ಪಿಕಪ್' ತೂತುಗಳು ಎರಡು. ಅವುಗಳಲ್ಲಿ ಒಂದು ನೇರವಾಗಿ ರೇಡಿಯೊದ ಲೋಹದ ತಳಕ್ಕೆ, ಎಂದರೆ ಚಾಸಿಗೆ, ಸೇರಿದ್ದು. ಅಂಕಿಗಳನ್ನು ಸದ್ದಾಗಿಸುವ ಡಿಜಿಟಲ್ ಪರಿವರ್ತಕದ ಒಳ್ಳೆಯ ಪೆಟ್ಟಿಗೆಗಳ ಹಿಂಭಾಗದಲ್ಲಿ ಇರುವುದು ಮೂರು ಪಿನ್ನಿನ ಸಾಕೆಟ್ಟು. ಅದರಲ್ಲಿ ಒಂದು ಪಿನ್ನು ಅರ್ಥ್. ಉಳಿದ ಎರಡರಲ್ಲೂ ಒಂದೇ ಹಾಡು, ಆದರೆ ಒಂದು ಮೇಲಕ್ಕೆ ಹೋದಾಗ ಇನ್ನೊಂದು ಕೆಳಕ್ಕೆ. ಮೂರನ್ನು ಎರಡಕ್ಕೆ ಹೊಂದಿಸುವುದು ಹೇಗೆ? ಇದು ರಿಪೇರಿ ಅಂಗಡಿಯ ಪ್ರಶ್ನೆಯಂತೆ ಕಂಡರೂ ಉತ್ತರಕ್ಕೆ ನೂರಾ ನಲವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಕೆಲವು ಪುಟಗಳು ಈ ಸೀಮೆಯಲ್ಲೇ ತೆರೆದುಕೊಳ್ಳುತ್ತವೆ.

ಸದ್ದಿಗೂ ಮೊದಲು ತಂತಿ ಬಂತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಗದಗ, ಕೊಪ್ಪಳ, ಹೊಸಪೇಟೆ, ಗುಂತಕಲ್ಲುಗಳನ್ನು ಜೋಡಿಸಿದ ಮೀಟರ್ ಗೇಜ್ ರೈಲುದಾರಿಯ ಪಕ್ಕದಲ್ಲೇ ಟೆಲಿಗ್ರಾಫ್ ಕಂಬಗಳೂ ಸಾಗಿದವು. ಟೆಲಿಗ್ರಾಫಿಗೆ ಸಾಮಾನ್ಯವಾಗಿ ಒಂದೇ ತಂತಿ ಸಾಕಾಗುತ್ತಿತ್ತು. ವಿದ್ಯುತ್ತು ಮರಳಿ ಬರಲು ನೆಲವೇ ದಾರಿ. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್ ಎಂಬಾತ ಕಂಡುಕೊಂಡ ಈ ಉಪಾಯದಿಂದ ಅರ್ಧದಷ್ಟು ತಂತಿಯ ಖರ್ಚು ಉಳಿಯಿತು. ಕಟ್ಟೂಕಡ ಸಂಕೇತಕ್ಕೆ ಅಷ್ಟು ಸಾಲುತ್ತಿತ್ತು; ನಡುವೆ ಒಂದಿಷ್ಟು ಗದ್ದಲ ಸೇರಿದರೂ ತಾರು ಮಾಸ್ತರನಿಗೆ ಅಕ್ಷರ ತಪ್ಪುತ್ತಿರಲಿಲ್ಲ.

ಮನುಷ್ಯನ ದನಿಗೆ ಅದು ಸಾಲಲಿಲ್ಲ. ಟೆಲಿಫೋನು ಬಂದ ಹೊಸದರಲ್ಲಿ ಅದನ್ನೂ ಒಂದೇ ತಂತಿಯ ಮೇಲೆ ಓಡಿಸಿದರು. 1880ರ ದಶಕದಲ್ಲಿ ಅಮೆರಿಕ, ಯುರೋಪಿನ ನಗರಗಳಿಗೆ ವಿದ್ಯುದ್ದೀಪ, ಟ್ರಾಮುಗಳು ಬರುತ್ತಲೇ ನೆಲದೊಳಗಿನ ಅಲೆದಾಟದ ವಿದ್ಯುತ್ತೆಲ್ಲ ಟೆಲಿಫೋನಿನ ಕಿವಿಗೆ ಸುರಿಯತೊಡಗಿತು. ಗುಂಯ್‌ಗುಡುವಿಕೆ, ಚಟಪಟ, ಪಕ್ಕದ ತಂತಿಯವರ ಸಂಸಾರದ ಮಾತು, ಎಲ್ಲವೂ ಒಟ್ಟಿಗೆ. ಜಾನ್ ಕಾರ್ಟಿ ಎಂಬ ಅಮೆರಿಕದ ಎಂಜಿನಿಯರ್ ನೆಲದ ಸಹವಾಸ ಬಿಟ್ಟು ಎರಡು ತಂತಿಗಳ ಪೂರ್ತಿ ಸುತ್ತನ್ನು ಬಳಕೆಗೆ ತಂದ. ಎರಡು ತಂತಿಗಳನ್ನು ಹುರಿ ಹೊಸೆದರೆ ಇನ್ನೂ ವಾಸಿ ಎಂದು ಟೆಲಿಫೋನಿನ ಜನಕ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ.

ಹುರಿ ಹೊಸೆದರೆ ಆಗುವುದೇನು? ಗಂಗಾವತಿಯ ಅಕ್ಕಿ ಪೇಟೆಯಲ್ಲಿ ತೂಗುವ ಹಳೆಯ ಎರಡು ತಟ್ಟೆಯ ತಕ್ಕಡಿಯನ್ನು ನೆನೆಯಬಹುದು. ಗಿರಣಿಯ ತೌಡಿನ ಧೂಳು ಎರಡೂ ತಟ್ಟೆಗಳ ಮೇಲೆ ಸಮನಾಗಿ ಕೂರುತ್ತದೆ. ಮುಳ್ಳು ಅಲುಗುವುದಿಲ್ಲ, ಏಕೆಂದರೆ ಮುಳ್ಳಿಗೆ ಗೊತ್ತಿರುವುದು ತಟ್ಟೆಗಳ ನಡುವಿನ ಅಂತರ ಮಾತ್ರ. ಎರಡು ತಂತಿಯ ದನಿಯೂ ಹೀಗೆ. ಹಾಡು ಒಂದು ತಂತಿಯಲ್ಲಿ ಒಂದು ವೋಲ್ಟ್ ಏರಿದರೆ ಇನ್ನೊಂದರಲ್ಲಿ ಒಂದು ವೋಲ್ಟ್ ಇಳಿಯುತ್ತದೆ. ಅಂತರ ಎರಡು ವೋಲ್ಟ್. ದಾರಿಯಲ್ಲಿ ಹತ್ತಿದ ಗದ್ದಲ ಎರಡೂ ತಂತಿಗಳಿಗೆ ಒಂದೇ ಅಳತೆಯಲ್ಲಿ ಅಂಟುತ್ತದೆ, ಅಂತರ ಸೊನ್ನೆ. ಇದನ್ನೇ ಬಲ್ಲವರು 'ಬ್ಯಾಲೆನ್ಸ್ಡ್' ಎನ್ನುತ್ತಾರೆ, ತಕ್ಕಡಿಯ ಹೆಸರೇ ಅದಕ್ಕೆ ಬಿದ್ದಿದೆ. ಒಂದೇ ತಂತಿ ಮತ್ತು ನೆಲದ ವ್ಯವಸ್ಥೆಯಾದರೋ ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿಯಂತೆ. ಅಕ್ಕಿಯೊಂದಿಗೆ ಧೂಳನ್ನೂ ತೂಗಿ ಕೈತೊಳೆದುಕೊಳ್ಳುತ್ತದೆ.

ರೇಡಿಯೊದ ವಾಲ್ವ್ ಇಂಥ ಸ್ಪ್ರಿಂಗ್ ತಕ್ಕಡಿ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಅಂಗದ ವಾಲ್ವನ್ನೂ 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಅಂಗವಾಗಿ ಗ್ರಿಡ್ಡನ್ನೂ ತಂದರು. ಕಾದ ಕ್ಯಾಥೋಡಿನಿಂದ ಹೊಮ್ಮುವ ಎಲೆಕ್ಟ್ರಾನುಗಳ ಹರಿವನ್ನು ಗ್ರಿಡ್ ಎಂಬ ತೆಳು ಜಾಲರಿ ತೂಬಿನಂತೆ ಹಿಡಿದು ಬಿಡುತ್ತದೆ. ಗ್ರಿಡ್ಡಿಗೆ ತಿಳಿಯುವುದು ತನಗೂ ಕ್ಯಾಥೋಡಿಗೂ ನಡುವಿನ ವೋಲ್ಟೇಜು. ಕ್ಯಾಥೋಡು ಚಾಸಿಯ ಕಡೆಗೆ ಕಟ್ಟಿಕೊಂಡಿರುತ್ತದೆ. ಹೀಗಾಗಿ ಒಂಟಿ ವಾಲ್ವಿನ ಹಂತಕ್ಕೆ ಕಿವಿ ಒಂದೇ, ಇನ್ನೊಂದು ನೆಲಕ್ಕೆ ಹೂತದ್ದು.

ಈ ಸೀಮೆಯ ಮೊದಲ ರೇಡಿಯೊಗಳಿಗೆ ಅಕ್ಷರಶಃ ನೆಲವೇ ಇನ್ನೊಂದು ತಂತಿಯಾಗಿತ್ತು. ಮಾಳಿಗೆಯ ಮೇಲೆ ಎರಡು ಗಳುಗಳ ನಡುವೆ ತಾಮ್ರದ ಏರಿಯಲ್, ಅಂಗಳದಲ್ಲಿ ಹೂತ ಕಬ್ಬಿಣದ ಸಲಾಕೆಗೆ ಅರ್ಥ್. ಬೇಸಿಗೆಯಲ್ಲಿ ನೆಲ ಒಣಗಿ ಬಿರಿದಾಗ ಅರ್ಥ್ ಹಿಡಿಯುವುದಿಲ್ಲ, ಸಲಾಕೆಯ ಬುಡಕ್ಕೆ ಕೊಡ ನೀರು ಸುರಿಯಬೇಕು. ಕುಷ್ಟಗಿ, ಯಲಬುರ್ಗಾದಂಥ ಬರದ ನಾಡಿನಲ್ಲಿ ರೇಡಿಯೊಗೂ ನೀರು ಕುಡಿಸುವುದು ಎಷ್ಟು ತುಟ್ಟಿಯ ಬಾಬತ್ತೆಂದು ಬೇರೆ ಹೇಳಬೇಕಿಲ್ಲ.

ಆ ಪೆಟ್ಟಿಗೆಯಲ್ಲಿ ಕೇಳಿಸುತ್ತಿದ್ದುದಾದರೂ ಏನು? ಈ ನಾಲ್ಕೂ ತಾಲ್ಲೂಕುಗಳು 1948ರ ತನಕ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರು. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ತುಂಗಭದ್ರೆಯ ಆಚೆ ದಡದಲ್ಲಿ ಮದರಾಸು ಪ್ರಾಂತದ ಹೊಸಪೇಟೆ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಹೂಡಿ ಅದಕ್ಕೆ ಆಕಾಶವಾಣಿಯೆಂಬ ಹೆಸರು ಸಂದಿತು. ಅದೇ 1935ರಲ್ಲಿ ಹೈದರಾಬಾದಿನ ಬಾನುಲಿ ನಿಜಾಮ ಸರ್ಕಾರದ ಕೈಯಲ್ಲಿ ಪ್ರಸಾರ ಆರಂಭಿಸಿತು. ಡೆಕ್ಕನ್ ರೇಡಿಯೊ ಎಂದು ಹೆಸರಾದ ಅದರಲ್ಲಿ ಉರ್ದುವಿನದೇ ಮೇಲುಗೈ. ಕೊಪ್ಪಳದ ಕನ್ನಡಿಗನ ಕಿವಿಗೆ ತನ್ನ ಸರ್ಕಾರದ ದನಿ ಪರಭಾಷೆಯದು, ತನ್ನ ಭಾಷೆಯ ದನಿ ಪರರಾಜ್ಯದ್ದು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಗಡಿ ಶಿಬಿರದಿಂದ ಹೋರಾಟ ನಡೆಸಿದ ದಿನಗಳಲ್ಲಿ ಸುದ್ದಿಯೆಂಬುದು ಅಕ್ಕಿ ಜೋಳಗಳಷ್ಟೇ ಬೆಲೆಯುಳ್ಳ ವಸ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 17ರ ಸಂಜೆ ನಿಜಾಮರು ಕದನ ನಿಲ್ಲಿಸಿದ್ದನ್ನು ಸಾರಿದ್ದೂ ಬಾನುಲಿಯಲ್ಲೇ.

ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಡೆಕ್ಕನ್ ರೇಡಿಯೊ ಕೂಡ ಅದೇ ವರ್ಷ ಭಾರತ ಸರ್ಕಾರದ ಬಾನುಲಿಯಲ್ಲಿ ಸೇರಿಹೋಯಿತು. ಧಾರವಾಡ ಬಂದ ಮೇಲೆ ಈ ಸೀಮೆಗೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರ ದನಿ ಮನೆಯೊಳಗಿನ ದನಿಯಾಯಿತು. ಕಲಬುರ್ಗಿ ಕೇಂದ್ರ 1966ರಲ್ಲಿ ಜೊತೆಗೂಡಿತು.

ಈಗ ಮತ್ತೆ ತಂತಿಯ ಮಾತಿಗೆ. ಬಾನುಲಿ ಕೇಂದ್ರದಲ್ಲಿ ಹಾಡುವ ಕೋಣೆ ಒಂದೆಡೆ, ಪ್ರಸಾರದ ಕಂಬ ಊರಾಚೆಯ ಇನ್ನೊಂದೆಡೆ. ನಡುವಿನ ಮೈಲುಗಳನ್ನು ದನಿ ದಾಟುತ್ತಿದ್ದುದು ಟೆಲಿಫೋನಿನಂಥ ಜೋಡಿ ತಂತಿಯ ಮೇಲೆ. ಜೋಡಿ ತಂತಿಯ ಎರಡೂ ತುದಿಗಳಲ್ಲಿ ಇರುತ್ತಿದ್ದವು ಒಂಟಿ ಕಿವಿಯ ವಾಲ್ವುಗಳೇ. ಇಂದು ಮೊಮ್ಮಗನ ಮುಂದಿರುವ ಪ್ರಶ್ನೆ ಅಂದಿನ ಎಂಜಿನಿಯರುಗಳ ದಿನನಿತ್ಯದ ಪ್ರಶ್ನೆಯಾಗಿತ್ತು. ಅವರು ಕಂಡುಕೊಂಡಿದ್ದ ಉತ್ತರವೇ ಮುಷ್ಟಿಯಲ್ಲಿ ಹಿಡಿಯುವಷ್ಟಿರುವ ಟ್ರಾನ್ಸ್‌ಫಾರ್ಮರು.

1831ರಲ್ಲಿ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ಸುರುಳಿ ಸುತ್ತಿ ಕಂಡ ಸೋಜಿಗವೇ ಇಲ್ಲಿಯೂ ಕೆಲಸ ಮಾಡುತ್ತದೆ. ಮೊದಲ ಸುರುಳಿಯ ಎರಡು ತುದಿಗಳನ್ನು ಜೋಡಿ ತಂತಿಗೆ ಕೊಡಬೇಕು. ಎರಡೂ ತುದಿಗಳು ಒಟ್ಟಿಗೆ ಏರಿದರೆ ಸುರುಳಿಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಹಾಗಾಗಿ ಧೂಳಿನಂಥ ಗದ್ದಲ ಬಾಗಿಲಲ್ಲೇ ನಿಲ್ಲುತ್ತದೆ. ಒಂದು ಏರಿ ಇನ್ನೊಂದು ಇಳಿದರೆ ಮಾತ್ರ ಹರಿವು, ಹರಿದರೆ ಮಾತ್ರ ಎರಡನೆಯ ಸುರುಳಿಯಲ್ಲಿ ದನಿ. ಆ ಎರಡನೆಯ ಸುರುಳಿಯ ಒಂದು ತುದಿಯನ್ನು ಚಾಸಿಗೂ ಇನ್ನೊಂದನ್ನು ಗ್ರಿಡ್ಡಿಗೂ ಕಟ್ಟಿದರೆ ತಕ್ಕಡಿಯ ದನಿ ಒಂಟಿ ಕಿವಿಯೊಳಗೆ ಇಳಿಯಿತೆಂದೇ ಲೆಕ್ಕ. ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವೇ ಇಲ್ಲ, ಇರುವುದು ಕಾಂತದ ನಂಟು ಮಾತ್ರ. ಸೂಕ್ಷ್ಮ ದನಿಗೆ ಸಾದಾ ಕಬ್ಬಿಣ ಮಂದವೆಂದು ನಿಕ್ಕಲ್ ಬೆರೆತ ಪರ್ಮಲ್ಲಾಯ್ ಎಂಬ ಲೋಹವನ್ನು 1910ರ ದಶಕದಲ್ಲಿ ಗುಸ್ತಾಫ್ ಎಲ್ಮೆನ್ ಅಮೆರಿಕದಲ್ಲಿ ರೂಪಿಸಿದ. ಒಳ್ಳೆಯ ದನಿ ಟ್ರಾನ್ಸ್‌ಫಾರ್ಮರುಗಳ ಹೊಟ್ಟೆಯಲ್ಲಿ ಇಂದಿಗೂ ಇರುವುದು ಅದೇ ಕುಲದ ಲೋಹ.

ಇನ್ನೊಂದು ದಾರಿಯೂ ಇತ್ತು. ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್ 1936ರಲ್ಲಿ ಎರಡು ವಾಲ್ವುಗಳ ಕ್ಯಾಥೋಡುಗಳನ್ನು ಜೊತೆಗೂಡಿಸಿ ಒಂದೇ ಉದ್ದ ಬಾಲಕ್ಕೆ ಕಟ್ಟಿದ. ಒಂದೊಂದು ತಂತಿ ಒಂದೊಂದು ಗ್ರಿಡ್ಡಿಗೆ. ಎರಡೂ ಗ್ರಿಡ್ಡುಗಳು ಒಟ್ಟಿಗೆ ಏರಿದರೆ ಬಾಲವೂ ಏರಿ ಪರಿಣಾಮ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅಂತರ ಮಾತ್ರ ಮುಂದೆ ಸಾಗುತ್ತದೆ. ಒಂದು ವಾಲ್ವಿನಿಂದ ದನಿ ತೆಗೆದುಕೊಂಡರೆ ಟ್ರಾನ್ಸ್‌ಫಾರ್ಮರಿಲ್ಲದೆಯೇ ಎರಡು ಒಂದಾಯಿತು. ಸ್ಟೀರಿಯೊ ಧ್ವನಿಮುದ್ರಣಕ್ಕೂ ದಾರಿ ಹಾಕಿದ ಈ ಜಾಣ 1942ರಲ್ಲಿ ರೇಡಾರ್ ಪರೀಕ್ಷೆಯ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೆಂಟು.

ಜಾತ್ರೆಯ ಮೈಕ್ ಸೆಟ್ಟಿನವರಿಗೆ ಈ ಹೆಸರುಗಳು ಯಾವುವೂ ಬೇಕಿರಲಿಲ್ಲ, ವಿದ್ಯೆ ಮಾತ್ರ ಬೇಕಿತ್ತು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಹುಲಿಗಿಯ ಹುಲಿಗೆಮ್ಮನ ಜಾತ್ರೆ, ಕನಕಗಿರಿಯ ತೇರು, ಹಳ್ಳಿ ಹಳ್ಳಿಯ ದೊಡ್ಡಾಟ ಇವೆಲ್ಲಕ್ಕೂ ಎತ್ತರದ ಗಳುವಿಗೆ ಕಟ್ಟಿದ ಹಾರ್ನು, ಮರದ ಕೆಳಗೆ ವಾಲ್ವಿನ ಆಂಪ್ಲಿಫೈಯರ್ ಬಂದ ಕಾಲ ಅದು. ವೇದಿಕೆಯ ಮೈಕಿನಿಂದ ಆಂಪ್ಲಿಫೈಯರಿಗೆ ನಾಲ್ಕು ಮಾರು ದೂರವಿದ್ದರೆ ಒಂಟಿ ತಂತಿಯೇ ನಡೆಯುತ್ತದೆ. ದೂರ ಹೆಚ್ಚಾದರೆ ಬೆಳತನಕ ಗುಂಯ್ ಎನ್ನುವ ಹಮ್ಮು. ಆಗ ಜೋಡಿ ತಂತಿಯ ಮೈಕು, ಆಂಪ್ಲಿಫೈಯರಿನ ಬಾಗಿಲಲ್ಲಿ ಮೈಕ್ ಟ್ರಾನ್ಸ್‌ಫಾರ್ಮರು. ಹೊರಗೆ ಹೋಗುವ ದಾರಿಯಲ್ಲೂ ಟ್ರಾನ್ಸ್‌ಫಾರ್ಮರೇ: ಫರ್ಲಾಂಗುಗಟ್ಟಲೆ ಎಳೆದ ತೆಳು ವೈರಿನಲ್ಲಿ ಶಕ್ತಿ ಸೋರದಂತೆ ವೋಲ್ಟೇಜು ಏರಿಸಿ ಕಳಿಸುವುದು, ಪ್ರತಿ ಹಾರ್ನಿನ ಬುಡದಲ್ಲಿ ಮತ್ತೆ ಇಳಿಸುವುದು.

ದೊಡ್ಡ ಆಂಪ್ಲಿಫೈಯರಿನ ಹೊಟ್ಟೆಯಲ್ಲಿ ಇನ್ನೊಂದು ತಮಾಷೆ ನಡೆಯುತ್ತಿತ್ತು. ಒಂದೇ ವಾಲ್ವಿನ ಶಕ್ತಿ ಜಾತ್ರೆಗೆ ಸಾಲದೆಂದು ಎರಡು ವಾಲ್ವುಗಳನ್ನು ಎದುರು ಬದುರು ದುಡಿಸಬೇಕು. ಅದಕ್ಕಾಗಿ ಒಂಟಿ ದನಿಯನ್ನು ಒಡೆದು ಒಂದು ಏರುವ, ಒಂದು ಇಳಿಯುವ ಜೋಡಿಯಾಗಿಸುವ ಹಂತವೊಂದನ್ನು ಕಟ್ಟುತ್ತಿದ್ದರು. ಅಂದಿನವರು ಒಂದನ್ನು ಎರಡು ಮಾಡಲು ತಿಣುಕಿದರು, ಇಂದಿನ ಚಿಪ್ಪು ತಾನಾಗಿಯೇ ಎರಡು ಕೊಡುತ್ತದೆ, ಮೊಮ್ಮಗ ಅದನ್ನು ಒಂದು ಮಾಡಲು ತಿಣುಕುತ್ತಾನೆ.

ಚಿಪ್ಪು ಎರಡು ಕೊಡುವುದೇಕೆ? ಡಿಜಿಟಲ್ ಪರಿವರ್ತಕದ ಒಳಗೆ ಕೋಟಿಗಟ್ಟಲೆ ಸಲ ಮಿಡಿಯುವ ಗಡಿಯಾರವೂ ಹಾಡಿನ ನವಿರಾದ ಅಲೆಯೂ ಉಗುರಿನಷ್ಟಗಲದ ಜಾಗದಲ್ಲಿ ಸಂಸಾರ ಮಾಡಬೇಕು. ಗಡಿಯಾರದ ಗದ್ದಲ ಹಾಡಿನ ಮೇಲೆ ಕೂರುತ್ತದೆ. ಹಾಡನ್ನು ಎರಡು ವಿರುದ್ಧ ಪಾಲುಗಳಾಗಿ ಹೊರಗೆ ಕಳಿಸಿ, ಅಂತರ ಮಾತ್ರ ತೆಗೆದುಕೊಂಡರೆ ಎರಡಕ್ಕೂ ಸಮನಾಗಿ ಅಂಟಿದ ಗದ್ದಲ ಕಳಚುತ್ತದೆ. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದ ಹೊಸದರಲ್ಲಿ ಈ ಪದ್ಧತಿ ಮನೆಬಳಕೆಯ ಪೆಟ್ಟಿಗೆಗಳಲ್ಲಿ ಅಪರೂಪವಿತ್ತು. ಉತ್ತಮ ದರ್ಜೆಯ ಇಂದಿನ ಚಿಪ್ಪುಗಳಲ್ಲಿ ಸಾಮಾನ್ಯ. ಕಾರ್ಟಿ ಟ್ರಾಮಿನ ಗದ್ದಲಕ್ಕೆ ಹುಡುಕಿದ ಮದ್ದನ್ನೇ ಚಿಪ್ಪು ತನ್ನೊಳಗಿನ ಗದ್ದಲಕ್ಕೆ ಹಚ್ಚಿಕೊಂಡಿದೆ.

ಇದನ್ನು ಒಂಟಿ ಕಿವಿಗೆ ಕೊಡುವಾಗ ಹೆಚ್ಚಿನವರು ಮಾಡುವ ತಪ್ಪು ಎರಡನೆಯ ತಂತಿಯನ್ನು ಚಾಸಿಗೆ ಬಿಗಿದುಬಿಡುವುದು. ಪೆಟ್ಟಿಗೆಯ ಹೊರಬಾಗಿಲಲ್ಲಿ ಟ್ರಾನ್ಸ್‌ಫಾರ್ಮರು ಇದ್ದರೆ ಅದು ಸರಿಯೇ. ಇಂದಿನ ಬಹುತೇಕ ಪೆಟ್ಟಿಗೆಗಳಲ್ಲಿ ಇರುವುದು ಇಲೆಕ್ಟ್ರಾನಿಕ್ ಹಂತ. ಅದರ ಒಂದು ಕೈಯನ್ನು ನೆಲಕ್ಕೆ ಕಟ್ಟಿದರೆ ಶಾರ್ಟ್ ಆದಂತೆ, ದನಿ ಕೆಡುತ್ತದೆ, ಚಿಪ್ಪು ಬಿಸಿಯೇರುತ್ತದೆ. ಇದಕ್ಕಿಂತ ವಾಸಿ ಒಂದೇ ತಂತಿಯನ್ನು ಬಳಸಿ ಇನ್ನೊಂದನ್ನು ಯಾತಕ್ಕೂ ಮುಟ್ಟಿಸದೆ ಬಿಡುವುದು. ಅರ್ಧ ವೋಲ್ಟೇಜು ನಷ್ಟವಾಗುತ್ತದೆ ನಿಜ. ಆದರೆ ಜೋಡಿ ಸಾಕೆಟ್ಟಿನಲ್ಲಿ ಸಾಮಾನ್ಯವಾಗಿ 4 ವೋಲ್ಟ್ ಸಿಗುವಾಗ, ಗ್ರಾಮಫೋನಿನ ಮುಳ್ಳಿಗೆಂದು ಕಟ್ಟಿದ ರೇಡಿಯೊಗೆ ಅದರ ಕಾಲುಭಾಗವೂ ಧಾರಾಳ. ನಿಜವಾದ ನಷ್ಟವೆಂದರೆ ತಕ್ಕಡಿಯೇ ಇಲ್ಲವಾಗುವುದು, ಗದ್ದಲ ಕಳಚದೆ ಉಳಿಯುವುದು. ಮನೆಯ ಹಿಂದೆ ಬೋರ್‌ವೆಲ್ಲಿನ ಮೋಟರು, ಎಲ್ಲ ಕೋಣೆಗಳಲ್ಲಿ ಎಲ್‌ಇಡಿ ದೀಪ, ಚಾರ್ಜರುಗಳಿರುವ ಇಂದಿನ ಹಳ್ಳಿಮನೆಯಲ್ಲಿ ಅದು ಸಣ್ಣ ನಷ್ಟವೇನಲ್ಲ.

ಹೀಗಾಗಿ ಟ್ರಾನ್ಸ್‌ಫಾರ್ಮರೇ ಮೇಲು. ಒಂದಕ್ಕೆ ಒಂದರ ಅನುಪಾತದ, 600 ಓಮಿನ ದನಿ ಟ್ರಾನ್ಸ್‌ಫಾರ್ಮರು ಸಾಕು. ಪಿನ್ 2 ಮತ್ತು 3 ಮೊದಲ ಸುರುಳಿಗೆ, ಪಿನ್ 1 ಕೇಬಲ್ಲಿನ ಹೊರಜಾಲರಿಗೆ. ಚಿಪ್ಪಿನಿಂದಲೇ ನೇರವಾಗಿ ತೆಗೆಯುವವರು ಒಂದು ಎಚ್ಚರ ವಹಿಸಬೇಕು: ಎಷ್ಟೋ ಚಿಪ್ಪುಗಳ ಎರಡೂ ಪಿನ್ನುಗಳ ಮೇಲೆ ಹಾಡಿನ ಜೊತೆಗೆ ನಿಶ್ಚಲವಾದ ಡಿ.ಸಿ. ವೋಲ್ಟೇಜೂ ಕೂತಿರುತ್ತದೆ. ಎರಡರಲ್ಲೂ ಅದು ಸಮನಾಗಿದ್ದರೆ ಬಾಧೆಯಿಲ್ಲ; ಅಲ್ಪಸ್ವಲ್ಪ ಹೆಚ್ಚು ಕಡಿಮೆಯಾದರೂ ಸುರುಳಿಯಲ್ಲಿ ಡಿ.ಸಿ. ಹರಿದು ಪುಟ್ಟ ಲೋಹದ ತಿರುಳು ಕಟ್ಟಿಕೊಳ್ಳುತ್ತದೆ, ತಬಲಾದ ಎಡ ಮೊದಲು ಮಾಯವಾಗುತ್ತದೆ. ನಡುವೆ ಕೆಪಾಸಿಟರ್ ಕೊಟ್ಟರೆ ಆ ಕಾಟ ತಪ್ಪುತ್ತದೆ. ರೇಡಿಯೊಗೆ ಕಿವಿ ಒಂದೇ ಆದ್ದರಿಂದ ಎಡ ಬಲ ಎರಡು ದನಿಗಳಿಗೂ ಬೇರೆ ಬೇರೆ ಟ್ರಾನ್ಸ್‌ಫಾರ್ಮರು ಕೊಟ್ಟು, ಆಮೇಲೆ 10 ಕಿಲೋ ಓಮಿನ ಒಂದೊಂದು ರೆಸಿಸ್ಟರಿನ ಮೂಲಕ ಕೂಡಿಸಬೇಕು, ಬರಿ ತಂತಿಯಿಂದ ಹೊಸೆಯಬಾರದು.

ಇಷ್ಟರ ತನಕ ಕೆಟ್ಟರೆ ಕೆಡುವುದು ಹಾಡು. ಮುಂದಿನದು ಜೀವದ ಮಾತು. ರೇಡಿಯೊದ ಹಿಂಬದಿಯ ರಟ್ಟು ತೆಗೆದಾಗ ವಾಲ್ವುಗಳ ಮೇಲಿನ ಮೊದಲ ಅಕ್ಷರ ನೋಡಬೇಕು. ಅದು ಫಿಲಿಪ್ಸಿನವರು 1934ರಲ್ಲಿ ಬಳಕೆಗೆ ತಂದ ಗುರುತು. 'ಡಿ' ಎಂದಿದ್ದರೆ ಬ್ಯಾಟರಿ ಸೆಟ್ಟು. ತುಂಗಭದ್ರಾ ಕಾಲುವೆಗಳಿಗೆ 1953ರಲ್ಲಿ ನೀರು ಹರಿದ ಮೇಲೂ ಎಷ್ಟೋ ಹಳ್ಳಿಗಳಿಗೆ ಕರೆಂಟು ಬರಲು ವರ್ಷಗಳೇ ಹಿಡಿದು, ಅಲ್ಲಿಯವರೆಗೆ ಹಾಡಿದ್ದು ಇಂಥವು. 'ಇ' ಎಂದಿದ್ದರೆ 6.3 ವೋಲ್ಟಿನ ವಾಲ್ವು, ಸಾಮಾನ್ಯವಾಗಿ ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರು ಇರುತ್ತದೆ. ಬೆಂಗಳೂರಿನ ಬಿ.ಇ.ಎಲ್. 1961ರಿಂದ ಫಿಲಿಪ್ಸಿನ ನೆರವಿನಲ್ಲಿ ತಯಾರಿಸಿದ ಇಸಿಸಿ 83, ಇಎಲ್ 84ಗಳು ಈ ಜಾತಿಯವು. 'ಯು' ಎಂದಿದ್ದರೆ ಅಲ್ಲಿಗೆ ಕೈ ನಿಲ್ಲಬೇಕು. ಅದು ಎ.ಸಿ., ಡಿ.ಸಿ. ಎರಡಕ್ಕೂ ಒಗ್ಗುವ ಅಗ್ಗದ ಸೆಟ್ಟು. ಮೇನ್ಸ್ ಟ್ರಾನ್ಸ್‌ಫಾರ್ಮರು ಇಲ್ಲ, ಗೋಡೆಯ ಒಂದು ತಂತಿ ನೇರವಾಗಿ ಚಾಸಿಗೇ. ಎರಡು ಪಿನ್ನಿನ ಪ್ಲಗ್ಗನ್ನು ತಿರುವಿ ಹಾಕಿದರೆ ಚಾಸಿಯ ಮೇಲೆ 230 ವೋಲ್ಟ್.

ಅಜ್ಜನ ಕಾಲದಲ್ಲಿ ಅದರ ಮೈಯೆಲ್ಲ ಮರ ಮತ್ತು ಬೇಕಲೈಟ್, ಗುಂಡಿಗಳೂ ಬೇಕಲೈಟ್, ಯಾರ ಬೆರಳೂ ಚಾಸಿಗೆ ತಾಗುತ್ತಿರಲಿಲ್ಲ. ಮೊಮ್ಮಗ ಪಿಕಪ್ಪಿಗೆ ತಂತಿ ಹಾಕಿ ಅದರ ಇನ್ನೊಂದು ತುದಿಯ ಲೋಹದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಆ ರಕ್ಷಣೆ ಮುರಿಯುತ್ತದೆ. ಕೆಲವು ಸೆಟ್ಟುಗಳಲ್ಲಿ ಪಿಕಪ್ಪಿಗೂ ಚಾಸಿಗೂ ನಡುವೆ ಕೆಪಾಸಿಟರ್ ಇರುತ್ತದೆ. ಅರವತ್ತು ವರ್ಷದ ಕಾಗದದ ಕೆಪಾಸಿಟರನ್ನು ನಂಬಿ ಜೀವ ಒತ್ತೆಯಿಡಲಾಗದು. ದನಿ ಟ್ರಾನ್ಸ್‌ಫಾರ್ಮರು ನಡುವೆ ಇದೆಯಲ್ಲ ಎನ್ನಬಹುದು. ಕೂದಲೆಳೆಯ ತಂತಿಗಳ ನಡುವಿನ ಅದರ ಹೊದಿಕೆ ಹಾಡಿಗೆ ಮಾಡಿದ್ದು, ಮೇನ್ಸಿಗಲ್ಲ. 'ಯು' ಸೆಟ್ಟಿಗೆ ಪೂರ್ತಿ ಶಕ್ತಿಯ ಬೇರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರು ಹಾಕಿಸುವವರೆಗೆ ಅದನ್ನು ಕಸೂತಿ ಬಟ್ಟೆಯ ಕೆಳಗೇ ಇರಗೊಡುವುದು ಮೇಲು. 'ಇ' ಸೆಟ್ಟಿನಲ್ಲೂ ಒಳಗೆ 250 ವೋಲ್ಟಿನಷ್ಟು ಹೈಟೆನ್ಷನ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಕೆಪಾಸಿಟರಿನಲ್ಲಿ ಕಾದು ಕೂತಿರುತ್ತದೆ.

ಇವೆಲ್ಲ ಸರಿಯಿದ್ದು ಎಲ್ಲ ತಂತಿಯೂ ಕೂಡಿದ ಮೇಲೆ ಹಳಬರ ಕೈಚಳಕವೊಂದು ಬಾಕಿ ಉಳಿಯುತ್ತದೆ. ದನಿಯ ಪುಟ್ಟ ಟ್ರಾನ್ಸ್‌ಫಾರ್ಮರನ್ನು ರೇಡಿಯೊದ ಮೇನ್ಸ್ ಟ್ರಾನ್ಸ್‌ಫಾರ್ಮರಿನ ಹತ್ತಿರ ತಂದರೆ ಅದರ ಕಾಂತದ ಗುಂಗು ಇದಕ್ಕೂ ಹತ್ತುತ್ತದೆ, ತಕ್ಕಡಿ ಎಷ್ಟು ಸರಿಯಿದ್ದರೂ ಹಮ್ಮು ಬರುತ್ತದೆ. ಆದ್ದರಿಂದ ಅದನ್ನು ಮೊದಲೇ ಬಿಗಿಯುವುದಿಲ್ಲ. ತಂತಿ ಉದ್ದ ಬಿಟ್ಟು, ಚಾಸಿಯಿಂದ ಮೊಳ ದೂರದಲ್ಲಿ ಹಾಡಿಲ್ಲದೆ ದನಿ ಏರಿಸಿಟ್ಟು, ಪುಟ್ಟ ಟ್ರಾನ್ಸ್‌ಫಾರ್ಮರನ್ನು ಬೆರಳಲ್ಲಿ ಹಿಡಿದು ನಿಧಾನವಾಗಿ ಹೊರಳಿಸುತ್ತಾ ಕಿವಿಗೊಡುತ್ತಾರೆ. ಗುಂಯ್ ಸಣ್ಣದಾಗುತ್ತಾ ಹೋಗಿ ಒಂದು ಕೋನದಲ್ಲಿ ತಟ್ಟನೆ ಅಡಗುತ್ತದೆ, ದಾಟಿದರೆ ಮತ್ತೆ ಏಳುತ್ತದೆ. ಅಡಗಿದ ಆ ಕೋನಕ್ಕೆ ಹಿಂದಿರುಗಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಪ್ಲಗ್ ಕಿತ್ತು, ಅಲ್ಲೇ ಸ್ಕ್ರೂ ಬಿಗಿಯುತ್ತಾರೆ.